ಸಣ್ಣ ಹೋಟೆಲಿಗೆ ನೇರವಾಗಿ ರೈತರಿಂದಲೇ ಮಾಲು ಕೊಳ್ಳುವುದು ನಡೆಯುವ ಮಾತಾ?

ನೀವು ಕೇಳಿರುವುದು ಇಷ್ಟು: ತುಮಕೂರಿನಲ್ಲಿ ಮೂವತ್ತು ಜನ ಕೂರುವಂಥ ಊಟದ ಹೋಟೆಲ್ ತೆರೆಯುತ್ತಿದ್ದೀರಿ. ತರಕಾರಿ, ಸೊಪ್ಪು, ರಾಗಿ, ಅಕ್ಕಿ ಎಲ್ಲವನ್ನೂ ಸುತ್ತಮುತ್ತಲ ರೈತರಿಂದಲೇ ಕೊಳ್ಳಬೇಕು ಅಂತ ಆಸೆ. ಇದು ಮಂಡಿಗಿಂತ ಅಗ್ಗವಾಗುತ್ತಾ, ಮಾಲು ಬರದ ದಿನ ಏನು ಮಾಡುವುದು, ರೈತರ ಜೊತೆ ಮಾತು ಹೇಗೆ ಕುದುರಿಸುವುದು?

ನಾನು ಮೈಸೂರಿನಲ್ಲಿ ಚಿಕ್ಕದೊಂದು ಊಟದ ಮನೆ ನಡೆಸುತ್ತೇನೆ. ಅಡುಗೆಯೂ ನನ್ನದೇ. ಮಧ್ಯಾಹ್ನಕ್ಕೆ ಎಂಬತ್ತು, ನೂರು ಊಟ. ವರುಣಾ, ಜಯಪುರ, ನಂಜನಗೂಡು ಕಡೆಯ ಕೆಲವು ರೈತ ಮನೆಗಳಿಂದ ಹಲವು ವರ್ಷಗಳಿಂದ ಕೊಳ್ಳುತ್ತಿದ್ದೇನೆ. ಖಂಡಿತ ನಡೆಯುತ್ತದೆ. ಆದರೆ ಅಗ್ಗ ಆಗಲಿ ಅಂತ ಹೊರಟರೆ ನಡೆಯುವುದಿಲ್ಲ. ಮೊದಲು ಮೆನು ಬರೆದು ಆಮೇಲೆ ಮಾಲು ಹುಡುಕಿದರೂ ನಡೆಯುವುದಿಲ್ಲ. ಹೊಲದಲ್ಲಿ ಇವತ್ತು ಏನಿದೆ ಅಂತ ಕೇಳಬೇಕು, ಅದನ್ನು ನೋಡಿ ಅಡುಗೆ ತೀರ್ಮಾನ ಮಾಡಬೇಕು.

ಹೇಳೋಕೆ ಸುಲಭ, ಮಾಡೋದು ಹೇಗೆ ಅನ್ನುತ್ತೀರಿ. ನಮ್ಮ ಕಡೆಯ ಊಟ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪಲ್ಯ, ಕೋಸಂಬರಿ, ಸಾರು, ಹುಳಿ, ಗೊಜ್ಜು. ಇವ್ಯಾವುವೂ ತರಕಾರಿಯ ಹೆಸರಲ್ಲ, ಮಾಡುವ ಬಗೆ. ನನ್ನ ಬೋರ್ಡಿನಲ್ಲಿ ಬೀನ್ಸ್ ಪಲ್ಯ ಅಂತ ಅಚ್ಚು ಹಾಕಿಸಿಲ್ಲ. ಬರೀ ಪಲ್ಯ ಅಂತ ಇದೆ, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆಯೋಕೆ ಜಾಗ ಇದೆ. ಹೀರೆಕಾಯಿ ಬಂದರೆ ಹೀರೆಕಾಯಿ, ಗೋರಿಕಾಯಿ ಬಂದರೆ ಗೋರಿಕಾಯಿ. ವಾಂಗಿಬಾತ್ ಮಾತ್ರ ಹಾಗಲ್ಲ. ಅದಕ್ಕೆ ನಮಗೆ ಉದ್ದನೆಯ ಹಸಿರು ಬದನೆಯೇ ಬೇಕು. ಹಾಗಾಗಿ ಆ ಬದನೆ ಇದ್ದ ದಿನ ಮಾತ್ರ ವಾಂಗಿಬಾತ್. ಗಿರಾಕಿಗಳು ಮೊದಲು ಕೇಳುತ್ತಾರೆ, ಆಮೇಲೆ ಅವರೇ ಫೋನ್ ಮಾಡಿ "ಇವತ್ತು ಬದನೆಕಾಯಿ ಬಂದಿದ್ಯಾ?" ಅನ್ನುತ್ತಾರೆ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಬೆರಕೆ ಸೊಪ್ಪಿನ ಮೇಲೆ. ಮಳೆ ಬಿದ್ದು ರಾಗಿ ಹೊಲ ಹಸಿರಾಗುವ ಹೊತ್ತಿಗೆ ಪೈರಿನ ನಡುವೆ, ಬದುವಿನ ಮೇಲೆ ಅಣ್ಣೆಸೊಪ್ಪು, ಕಿರಕೀರೆ, ಗಣಿಕೆ, ಗೋಣಿಸೊಪ್ಪು, ನೀರಿರುವ ಕಡೆ ಹೊನಗೊನೆ ತಾವಾಗಿಯೇ ಹುಟ್ಟುತ್ತವೆ. ಯಾರೂ ಬಿತ್ತಿದ್ದಲ್ಲ. ಕಳೆ ಕೀಳುವಾಗ ಹೆಂಗಸರು ಎಳೆ ಕುಡಿಗಳನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ, ಸಂಜೆ ಮನೆಯಲ್ಲಿ ಬಸ್ಸಾರು. ಇದು ಮಂಡಿಗೆ ಬರುವುದೇ ಅಪರೂಪ. ನಾನು ಬೇಕು ಅಂದಾಗ ಒಬ್ಬ ಅಜ್ಜಿ "ಇದ್ಕೂ ಕಾಸು ಕೊಟ್ಟೀಯೇನವ್ವ?" ಅಂತ ಕೇಳಿದ್ದರು. ಕೊಡಲೇಬೇಕು. ಅದನ್ನು ಗುರುತು ಹಿಡಿಯುವ ಕಣ್ಣು ಅವರದು, ಬಗ್ಗಿ ಚಿವುಟುವ ಸೊಂಟ ಅವರದು. ನಾನು ಇದನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುವುದಿಲ್ಲ. ಕೀಳೋಕೆ ಎಷ್ಟು ಹೊತ್ತು ಬೇಕಾಯಿತು ಅಂತ ಕೇಳಿ, ಅಷ್ಟು ಹೊತ್ತಿನ ಕೂಲಿಗೆ ಕಡಿಮೆ ಆಗದಂತೆ ಕೊಡುತ್ತೇನೆ.

ಅಡುಗೆಮನೆಗೆ ಬಂದ ಮೇಲೂ ಕೆಲಸ ಜಾಸ್ತಿ. ಮಣ್ಣು ಬಿಡುವವರೆಗೆ ನಾಲ್ಕೈದು ನೀರಲ್ಲಿ ಜಾಲಿಸಬೇಕು. ಬಲಿತ ದಂಟು, ಗೊತ್ತಿಲ್ಲದ ಎಲೆ ಇದ್ದರೆ ತೆಗೆಯಬೇಕು. ತೊಗರಿಬೇಳೆಯೋ ಅಲಸಂದೆ ಕಾಳೋ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದ ಕೂಡಲೇ ಬಸಿಯಬೇಕು. ಬಸಿದ ನೀರಿಗೆ ಕಟ್ಟು ಅನ್ನುತ್ತೇವೆ. ಅದು ಕಡು ಹಸಿರು, ಮಣ್ಣಿನ ಘಮ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಸೊಪ್ಪು ಬೇಳೆಯದೇ ಒಂದು ಹಿಡಿ ಹಾಕಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಬಸ್ಸಾರು. ಉಳಿದಿದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಬಿಸಿ ಮುದ್ದೆ ಜೊತೆ ಇದನ್ನು ಉಂಡವರು ಮತ್ತೆ ಬರುತ್ತಾರೆ. ಒಂದು ಮಾತು ನೆನಪಿಡಿ: ಕಳೆನಾಶಕ ಹೊಡೆದ ಹೊಲದಲ್ಲಿ ಬೆರಕೆ ಸೊಪ್ಪು ಇರುವುದಿಲ್ಲ, ಅಲ್ಲಿ ಅಲ್ಪಸ್ವಲ್ಪ ಉಳಿದಿದ್ದರೂ ತಿನ್ನಬಾರದು. ಹಾಗಾಗಿ ಕೊಳ್ಳುವ ಮೊದಲೇ ಕೇಳಿ. ನನಗೆ ಸೊಪ್ಪು ಕೊಡುವ ಮನೆಯವರು ಅದಕ್ಕೂ ದುಡ್ಡು ಬರುತ್ತದೆ ಅಂತ ಗೊತ್ತಾದ ಮೇಲೆ ಆ ತಾಕಿಗೆ ಕಳೆನಾಶಕ ಹೊಡೆಯುವುದನ್ನೇ ನಿಲ್ಲಿಸಿದರು. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಈಗ ದುಡ್ಡಿನ ವಿಷಯ. ಮಂಡಿಯಲ್ಲಿ ರೈತರಿಗೆ ಸಿಗುವ ದರವೇ ಬೇರೆ, ಅಂಗಡಿಯಲ್ಲಿ ನಾವು ಕೊಡುವ ದರವೇ ಬೇರೆ ಅಂತ ಎಲ್ಲರಿಗೂ ಗೊತ್ತು. ಆ ಮಂಡಿ ದರವೂ ರೈತರ ಕೈಗೆ ಪೂರ್ತಿ ಬರುವುದಿಲ್ಲ. ಲಗೇಜ್ ಆಟೊ ಬಾಡಿಗೆ, ಹಮಾಲಿ, ತೂಕದಲ್ಲಿ ಸೂಟು ಅಂತ ಮುರಿದುಕೊಳ್ಳುವುದು, ಎಲ್ಲ ಕಳೆದು ಉಳಿದದ್ದು ಅವರದು. ನಾನು ಮಂಡಿಯ ಸಗಟು ದರ ಮತ್ತು ಹಾಪ್‌ಕಾಮ್ಸ್ ಚಿಲ್ಲರೆ ದರ ಎರಡನ್ನೂ ನೋಡಿ ನಡುವಿನ ದರ ಕೊಡುತ್ತೇನೆ. ಸಗಟು ದರ ಸರ್ಕಾರದ ಕೃಷಿ ಮಾರಾಟ ವಾಹಿನಿ ಅನ್ನುವ ಜಾಲತಾಣದಲ್ಲಿ ಸಿಗುತ್ತದೆ. ಹಾಪ್‌ಕಾಮ್ಸ್ ದಿನವೂ ದರಪಟ್ಟಿ ಹಾಕುತ್ತದೆ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಸಂಸ್ಥೆ ಅದು, ಅದರ ದರವನ್ನು ರೈತರೂ ಒಪ್ಪುತ್ತಾರೆ. ಇಬ್ಬರಿಗೂ ಕಾಣುವ ಒಂದು ದರ ಇದ್ದರೆ ದಿನಾ ಬೆಳಿಗ್ಗೆ ಚೌಕಾಸಿ ಇರುವುದಿಲ್ಲ.

ಇದರಿಂದ ನನಗೆ ಹೊರೆ ಆಗುತ್ತಾ? ಲೆಕ್ಕ ಹಾಕಿ ನೋಡಿ. ಒಂದು ಊಟಕ್ಕೆ ಹೆಚ್ಚೆಂದರೆ ಕಾಲು ಕೆಜಿ ತರಕಾರಿ. ಮಂಡಿಗಿಂತ ಕೆಜಿಗೆ 8 ರೂಪಾಯಿ ಜಾಸ್ತಿ ಕೊಟ್ಟರೂ ಊಟಕ್ಕೆ ಬೀಳುವುದು 2 ರೂಪಾಯಿ. ಹೋಟೆಲಿನಲ್ಲಿ ದುಡ್ಡು ಹೋಗುವುದು ಬಾಡಿಗೆಗೆ, ಗ್ಯಾಸಿಗೆ, ಸಂಬಳಕ್ಕೆ, ಎಣ್ಣೆಗೆ. ರೈತರ ಹತ್ತಿರ ಎರಡು ರೂಪಾಯಿ ಇಳಿಸಿ ಹೋಟೆಲ್ ಉದ್ಧಾರ ಮಾಡಿದವರನ್ನು ನಾನು ಕಂಡಿಲ್ಲ. ಜೊತೆಗೆ ಆ ದಿನ ಬೆಳಿಗ್ಗೆ ಕಿತ್ತ ಮಾಲಿನಲ್ಲಿ ಕೊಳೆತು ಬಿಸಾಡುವುದು ತುಂಬಾ ಕಡಿಮೆ. ಮಂಡಿಯ ಸೊಪ್ಪಿನ ಕಟ್ಟು ಬಿಚ್ಚಿದಾಗ ಒಳಗೆ ಎಷ್ಟು ಹಳದಿ ಎಲೆ ಇರುತ್ತದೆ ಅಂತ ಅಡುಗೆಯವರಿಗೆ ಗೊತ್ತು.

ದರ ಏರಿಳಿಯುವಾಗಲೇ ನಿಜವಾದ ಪರೀಕ್ಷೆ. ಟೊಮೆಟೊ ತೆಗೆದುಕೊಳ್ಳಿ. ಜುಲೈ 2023ರಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿತು. ನಮ್ಮಲ್ಲಿ ಒಂದು ಒಪ್ಪಂದ ಇದೆ. ನಾಟಿ ಮಾಡುವ ಮೊದಲೇ ಸಸಿ, ಗೊಬ್ಬರ, ಕೂಲಿ ಎಲ್ಲ ಲೆಕ್ಕ ಹಾಕಿ ಒಂದು ಕೆಳಗಿನ ದರ ಮಾತಾಡಿಕೊಳ್ಳುತ್ತೇವೆ. ಮಂಡಿ ಎಷ್ಟೇ ಬಿದ್ದರೂ ಅದಕ್ಕಿಂತ ಕಡಿಮೆ ಕೊಡುವುದಿಲ್ಲ. ಆ ಜುಲೈಯಲ್ಲಿ ಜಯಪುರ ಕಡೆಯ ಅಣ್ಣ ಮುಜುಗರದಲ್ಲೇ ಫೋನ್ ಮಾಡಿ "ಅಕ್ಕ, ಏನ್ ಮಾಡ್ಲಿ ಹೇಳಿ" ಅಂದರು. "ಅಣ್ಣ, ನೀವು ಮಂಡಿಗೆ ಹಾಕಿ. ಇಂಥ ದರ ಮತ್ತೆ ಯಾವಾಗ ಬರುತ್ತೋ. ನನಗೆ ದಿನಕ್ಕೆ ಎರಡು ಕೆಜಿ ಕಳಿಸಿ, ಸಾಕು" ಅಂದೆ. ಆ ತಿಂಗಳು ಹುಣಸೆಹುಳಿ ಸಾರು, ಮೆಣಸಿನ ಸಾರು, ಮಜ್ಜಿಗೆಹುಳಿ, ನಿಂಬೆಹಣ್ಣಿನ ಸಾರು ಮಾಡಿದೆ. ಟೊಮೆಟೊ ಇಲ್ಲದೆಯೂ ನಮ್ಮ ಹಿಂದಿನವರು ಸಾರು ಮಾಡುತ್ತಿದ್ದರಲ್ವಾ? ಸೆಪ್ಟೆಂಬರಿನಲ್ಲಿ ಮಂಡಿಗೆ ಸಾಗಿಸಿದ ಬಾಡಿಗೆಯೂ ಹುಟ್ಟದಾಗ ನಾನು ಮಾತಾಡಿದ ಕೆಳಗಿನ ದರಕ್ಕೇ ಕೊಂಡೆ. ಆಮೇಲೆ ಆ ಮನೆಯಿಂದ ನನಗೆ ಮಾಲು ತಪ್ಪಿಲ್ಲ.

ಹೈಬ್ರಿಡ್ ಮತ್ತು ನಾಟಿ ಟೊಮೆಟೊ ಬಗ್ಗೆಯೂ ಹೇಳಬೇಕು. ಹೈಬ್ರಿಡ್ ಹಣ್ಣಿನ ಸಿಪ್ಪೆ ದಪ್ಪ, ದೂರ ಸಾಗಿಸಿದರೂ ಒಡೆಯುವುದಿಲ್ಲ, ಹುಳಿ ಕಡಿಮೆ. ನಾಟಿ ಹಣ್ಣು ಎರಡು ಮೂರು ದಿನಕ್ಕೆ ಮೆತ್ತಗಾಗುತ್ತದೆ, ಆದರೆ ಸಾರಿಗೆ ಅದೇ ರುಚಿ. ಬೆಳಿಗ್ಗೆ ಕಿತ್ತಿದ್ದನ್ನು ಮಧ್ಯಾಹ್ನ ಬೇಯಿಸುವವರಿಗೆ ದಪ್ಪ ಸಿಪ್ಪೆ ಯಾಕೆ ಬೇಕು? ಹತ್ತಿರದ ರೈತರಿಂದ ಕೊಳ್ಳುವ ಹೋಟೆಲಿಗೆ ಮಾತ್ರ ಇಂಥ ಹಣ್ಣು ಕೊಳ್ಳುವ ಅವಕಾಶ ಇದೆ. ಅದನ್ನು ಬಿಡಬೇಡಿ, ಬೆಳೆಯಿರಿ ಅಂತ ನೀವೇ ಕೇಳಿ. ನಂಜನಗೂಡು ರಸಬಾಳೆ ಕತೆಯೂ ಹಾಗೆಯೇ. ಸಿಪ್ಪೆ ತೆಳು, ಹೆಚ್ಚು ದಿನ ತಾಳುವುದಿಲ್ಲ. ಸಿಕ್ಕ ದಿನ ನಮ್ಮಲ್ಲಿ ರಸಾಯನ.

ಕೊಳ್ಳುವಾಗ ಆರಿಸಿ ಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಚೆನ್ನಾಗಿರುವುದನ್ನೆಲ್ಲ ನೀವು ತೆಗೆದುಕೊಂಡು ಉಳಿದಿದ್ದನ್ನು ಅವರ ತಲೆಗೆ ಕಟ್ಟಿದರೆ ಆ ಸಂಬಂಧ ಒಂದು ಬೆಳೆಗೇ ಮುಗಿಯುತ್ತದೆ. ಡೊಂಕು ಸೌತೆಕಾಯಿ ಕೋಸಂಬರಿಗೆ ಹೆಚ್ಚಿದ ಮೇಲೆ ಡೊಂಕು ಯಾರಿಗೆ ಕಾಣುತ್ತದೆ? ಬಿರುಕು ಬಿಟ್ಟ ಟೊಮೆಟೊ ಗೊಜ್ಜಿಗೆ. ಹೀರೆಕಾಯಿ ಸಿಪ್ಪೆ ಚಟ್ನಿಗೆ. ಮೂಲಂಗಿ, ಗೆಡ್ಡೆಕೋಸು, ಬೀಟ್‌ರೂಟ್ ಸೊಪ್ಪಿನ ಸಮೇತ ಕೊಡಿ ಅನ್ನಿ. ಮಂಡಿಗೆ ಹೋಗುವಾಗ ಆ ಸೊಪ್ಪನ್ನು ಎಷ್ಟೋ ಸಲ ಕಿತ್ತು ಹಾಕುತ್ತಾರೆ. ನಿಮಗೆ ಅದು ಇನ್ನೊಂದು ಪಲ್ಯ. ಕುಂಬಳದ ಬಳ್ಳಿಯ ಎಳೆ ಕುಡಿಯೂ ಅಡುಗೆಗೆ ಬರುತ್ತದೆ. ಹುಳುಕು ಬಿದ್ದಿದ್ದು, ನಾರು ಬಂದ ಬೆಂಡೆ ಮಾತ್ರ ಬೇಡ ಅಂತ ಬಾಯಿಬಿಟ್ಟು ಹೇಳಿ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಷ್ಟು ಕೊಳ್ಳುತ್ತೀರಿ ಅನ್ನುವುದನ್ನೂ ಮೊದಲೇ ನೇರವಾಗಿ ಹೇಳಿ. ನೂರು ಊಟಕ್ಕೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕೆಜಿ ತರಕಾರಿ ಸಾಕು, ಅದೂ ಮೂರು ನಾಲ್ಕು ಬಗೆ ಸೇರಿ. ಒಂದು ಬೀನ್ಸ್ ತಾಕು ಫಸಲಿಗೆ ಬಂದರೆ ಅದೊಂದೇ ಅಷ್ಟು ಕೊಡುತ್ತದೆ. "ನಿಮ್ಮದೆಲ್ಲ ನಾನೇ ತಗೋತೀನಿ" ಅಂತ ಉತ್ಸಾಹದಲ್ಲಿ ಹೇಳಬೇಡಿ. "ವಾರಕ್ಕೆ ಇಷ್ಟು ಕೆಜಿ ಖಂಡಿತ ತಗೋತೀನಿ, ಉಳಿದಿದ್ದು ಮಂಡಿಗೆ ಹಾಕಿ" ಅನ್ನಿ. ಹೇಳಿದ್ದನ್ನು ಹೋಟೆಲಿನಲ್ಲಿ ಜನ ಬರಲಿ ಬಿಡಲಿ ತೆಗೆದುಕೊಳ್ಳಿ. ಸೊಪ್ಪಿನಲ್ಲಿ ಇನ್ನೂ ಸುಲಭದ ದಾರಿ ಇದೆ. ಮೆಂತ್ಯ ಇಪ್ಪತ್ತೈದು ಮೂವತ್ತು ದಿನಕ್ಕೆ, ಕೊತ್ತಂಬರಿ ಸುಮಾರು ನಲವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಇಡೀ ತಾಕಿಗೆ ಒಂದೇ ದಿನ ಬಿತ್ತದೆ ವಾರಕ್ಕೊಂದು ಮಡಿ ಬಿತ್ತಿದರೆ ವರ್ಷವಿಡೀ ಎಳೆ ಸೊಪ್ಪು. ರೈತರಿಗೆ ವಾರವಾರ ಕೈಗೆ ಕಾಸು.

ದುಡ್ಡು ಅವತ್ತೇ ಕೊಡಿ. ನಮ್ಮ ಗಿರಾಕಿ ಊಟ ಮಾಡಿ ಎದ್ದ ಕೂಡಲೇ ದುಡ್ಡು ಕೊಡುತ್ತಾರೆ, ನಾವು ರೈತರಿಗೆ ತಿಂಗಳು ಕಾಯಿಸುವುದು ನ್ಯಾಯ ಅಲ್ಲ. ನನಗೆ ಸೊಪ್ಪು ಕೊಡುವ ಒಂದು ಮನೆಯವರು ಮುಂಚೆ ಊರಿನ ದೊಡ್ಡ ಹೋಟೆಲೊಂದಕ್ಕೆ ಹಾಕುತ್ತಿದ್ದರು. ದರ ಚೆನ್ನಾಗಿಯೇ ಇತ್ತು, ಆದರೆ ಬಿಲ್ ಪಾಸ್ ಆಗಲಿ ಅಂತ ತಿಂಗಳುಗಟ್ಟಲೆ ಓಡಾಡಿಸಿದರಂತೆ. ಅವರು ಆ ದರ ಬಿಟ್ಟು ನನ್ನ ಹತ್ತಿರ ಬಂದರು. ಆಟೊ ಬಂದು ಕ್ರೇಟ್ ಇಳಿಸಿದ ಕೂಡಲೇ ತೂಕ, ಚೀಟಿ, ಫೋನ್‌ಪೇ. ಅಷ್ಟೇ. ಸಾಗಾಣಿಕೆಗೆ ಮೂರು ನಾಲ್ಕು ಮನೆಯವರು ಸೇರಿ ಒಂದೇ ಲಗೇಜ್ ಆಟೊ ಮಾಡಿಕೊಂಡಿದ್ದಾರೆ, ಬಾಡಿಗೆ ನಾನು ಕೊಡುತ್ತೇನೆ. ಸೊಪ್ಪಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಕಳಿಸುತ್ತಾರೆ. ಬೇರೆ ಏನೂ ಬೇಕಿಲ್ಲ.

ಮಾಲು ಬರದ ದಿನ ಬಂದೇ ಬರುತ್ತದೆ. ಜೋರು ಮಳೆ, ಊರಹಬ್ಬ, ಮನೆಯಲ್ಲಿ ಸಾವು, ಕೀಳೋಕೆ ಆಳು ಸಿಗದಿರುವುದು. ಅದಕ್ಕೆ ಕೆಡದ ಮಾಲನ್ನು ಯಾವಾಗಲೂ ಇಟ್ಟಿರಬೇಕು. ಬೂದುಗುಂಬಳ, ಸಿಹಿಗುಂಬಳ, ಸುವರ್ಣಗೆಡ್ಡೆ ವಾರಗಟ್ಟಲೆ ಇರುತ್ತವೆ. ಹುರಳಿ, ಅಲಸಂದೆ, ಕಡಲೆಕಾಳು ಡಬ್ಬದಲ್ಲಿರಲಿ. ನಮ್ಮಲ್ಲಿ ಮಾಲು ತಪ್ಪಿದ ದಿನ ಹುರಳಿಕಟ್ಟಿನ ಸಾರು ಗ್ಯಾರಂಟಿ, ಅದಕ್ಕೇ ಕಾಯುವ ಗಿರಾಕಿಗಳಿದ್ದಾರೆ. ಅದೂ ಸಾಲದಿದ್ದರೆ ಮಂಡಿಗೆ ಹೋಗಿ ತನ್ನಿ, ಅದರಲ್ಲಿ ತಪ್ಪಿಲ್ಲ. ನಾನೂ ಬಂಡೀಪಾಳ್ಯದ ಎಪಿಎಂಸಿಗೆ ಹೋಗುತ್ತೇನೆ. ಈರುಳ್ಳಿ, ಆಲೂಗಡ್ಡೆ ಹೆಚ್ಚಿನ ಸಲ ಅಲ್ಲಿಂದಲೇ. ಆದರೆ ಅವತ್ತು ಬೋರ್ಡಿನಲ್ಲಿರುವ ಹಳ್ಳಿಯ ಹೆಸರನ್ನು ಅಳಿಸಿಬಿಡಿ. ಜನ ಆ ಹೆಸರು ನಂಬಿ ಬರುತ್ತಾರೆ.

ಬೋರ್ಡಿನ ಮಾತು ಬಂದಿದ್ದಕ್ಕೆ ಕಾನೂನಿನದ್ದು ಬೇಗ ಹೇಳಿಬಿಡುತ್ತೇನೆ. ‘ಸಾವಯವ’ ಅಂತ ಸುಮ್ನೆ ಬರೆಯಬೇಡಿ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2017ರಲ್ಲಿ ತಂದ ನಿಯಮದಲ್ಲಿ ಆ ಮಾತಿಗೆ ಎನ್‌ಪಿಒಪಿ ಅಥವಾ ಪಿಜಿಎಸ್ ಅನ್ನುವ ಸಾವಯವ ಪ್ರಮಾಣಪತ್ರ ಬೇಕು. ನಾನು ಊರಿನ ಹೆಸರು, ಬೆಳೆಯ ಹೆಸರು ಮಾತ್ರ ಬರೆಯುತ್ತೇನೆ. ತಮ್ಮ ಬೆಳೆ ಮಾರುವ ರೈತರಿಗೆ ಆಹಾರ ಪರವಾನಗಿ ಬೇಕಿಲ್ಲ, ಹೋಟೆಲಿಗೆ ಬೇಕು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಸಾಮಾನ್ಯ ಹೋಟೆಲಿನ 5% ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶ, ಹೇಗೂ ಸಿಗುವುದಿಲ್ಲ, ಹಾಗಾಗಿ ರೈತರು ಬಿಲ್ ಕೊಡುವುದಿಲ್ಲ ಅಂತ ನಿಮಗೆ ನಷ್ಟ ಆಗುವುದಿಲ್ಲ. ತೂಕ, ದರ, ದಿನಾಂಕ ಬರೆದು ಸಹಿ ಹಾಕಿಸಿದ ಚೀಟಿ ಇಟ್ಟುಕೊಳ್ಳಿ.

ಅಕ್ಕಿ, ರಾಗಿಯ ದಾರಿಯೇ ಬೇರೆ. ಅವನ್ನು ಸುಗ್ಗಿಯಲ್ಲಿ ಒಟ್ಟಿಗೆ ಕೊಳ್ಳಬೇಕು. ನಾನು ಊಟಕ್ಕೆ ರಾಜಮುಡಿ ಅಕ್ಕಿ ಬಳಸುತ್ತೇನೆ. ರೈತರ ಹತ್ತಿರ ಇರುವುದು ಭತ್ತ, ಅಕ್ಕಿಯಲ್ಲ. ಮಿಲ್ ಮಾಡಿಸುವುದು ನಿಮ್ಮ ಕೆಲಸ. ಕ್ವಿಂಟಲ್ ಭತ್ತಕ್ಕೆ 60ರಿಂದ 65 ಕೆಜಿ ಅಕ್ಕಿ ಸಿಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹೊಸ ಭತ್ತದ ಅನ್ನ ಮುದ್ದೆಯಾಗುತ್ತದೆ, ಆರು ತಿಂಗಳು ಬಿಟ್ಟರೆ ಉದುರುದುರು. ಪಾಲಿಶ್ ಕಡಿಮೆ ಮಾಡಿಸಿದರೆ ಕೆಂಪು ಗೆರೆ ಉಳಿಯುತ್ತದೆ, ರುಚಿಯೂ ಉಳಿಯುತ್ತದೆ. ಆದರೆ ಅಂಥ ಅಕ್ಕಿಗೆ ಹುಳು ಬೇಗ ಬೀಳುತ್ತದೆ, ಹಾಗಾಗಿ ಭತ್ತವನ್ನೇ ಇಟ್ಟುಕೊಂಡು ತಿಂಗಳಿಗೆ ಬೇಕಾದಷ್ಟು ಮಾತ್ರ ಮಿಲ್ ಮಾಡಿಸಿ. ನಾಟಿ ತಳಿಗಳ ಬಗ್ಗೆ ಆಸಕ್ತಿ ಇದ್ದರೆ ಒಮ್ಮೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಹೋಗಿ ಬನ್ನಿ. ಅಲ್ಲಿ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಒಂದೇ ಬೆಳೆಯಲ್ಲಿ ಇಷ್ಟು ಬಗೆ ಇದೆಯಾ ಅಂತ ಅಡುಗೆಯವರಿಗೆ ಕಣ್ಣು ತೆರೆಯುತ್ತದೆ.

ಇನ್ನು ನೀವು ಎಲ್ಲಿಂದ ಶುರು ಮಾಡಬೇಕು. ತರಕಾರಿಯಿಂದ ಬೇಡ. ಕೆಡದ ಮಾಲಿನಿಂದ ಶುರು ಮಾಡಿ, ಅದರಲ್ಲಿ ಇಬ್ಬರಿಗೂ ಅಪಾಯ ಕಡಿಮೆ. ತುಮಕೂರಿನಲ್ಲಿದ್ದೀರಿ, ನಿಮಗಿರುವ ಅನುಕೂಲ ನನಗಿಲ್ಲ. ಹುಣಸೆ ನಿಮ್ಮಲ್ಲೇ ಇದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಹಣ್ಣು ಬರುತ್ತದೆ, ಬಿಡಿಸಿದ ಹಣ್ಣು ವರ್ಷಕ್ಕಾಗುವಷ್ಟು ಕೊಂಡು ಉಪ್ಪು ಬೆರೆಸಿ ಇಡಬಹುದು. ತೆಂಗಿನಕಾಯಿಗೆ ತಿಪಟೂರು ಕಡೆಯ ತೋಟಗಳಿವೆ. ರಾಗಿಯನ್ನು ಡಿಸೆಂಬರ್, ಜನವರಿ ಸುಗ್ಗಿಯಲ್ಲಿ ಕಣದಿಂದಲೇ ಕೊಳ್ಳಿ. ಸರ್ಕಾರದ ಬೆಂಬಲ ಬೆಲೆಗಿಂತ ಕಡಿಮೆ ಕೇಳಬೇಡಿ, 2025–26ಕ್ಕೆ ಅದು ಕ್ವಿಂಟಲಿಗೆ 4,886 ರೂಪಾಯಿ. ರಾಗಿಗೆ ಹುಳುವಿನ ಕಾಟ ಕಡಿಮೆ, ಒಣಗಿಸಿ ಇಟ್ಟರೆ ವರ್ಷ ಕಳೆದರೂ ಏನೂ ಆಗುವುದಿಲ್ಲ. ಹಲಸಿನ ಕಾಲದಲ್ಲಿ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ಹೋಗಿ, ಕೆಂಪು ತೊಳೆಯ ಸಿದ್ದು ಹಲಸು ಹುಟ್ಟಿದ್ದು ಅಲ್ಲೇ. ಎಳೆ ಹಲಸಿನ ಹುಳಿ, ಹಣ್ಣಿನ ಕಡುಬು, ಬೀಜದ ಸಾರು. ಹಲಸೊಂದರಲ್ಲೇ ನಿಮ್ಮ ಮೇ, ಜೂನ್ ಕಳೆಯುತ್ತದೆ.

ಹುಣಸೆ ಕೊಳ್ಳೋಕೆ ಹೋದಾಗ ಆ ಮನೆಯವರು ಇನ್ನೇನು ಬೆಳೆಯುತ್ತಾರೆ, ಬೋರ್‌ವೆಲ್ ಇದೆಯಾ, ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಕೂತು ಮಾತಾಡಿ. ಸೊಪ್ಪಿಗೆ ಎರಡು ಮನೆ, ತರಕಾರಿಗೆ ಮೂರು ಮನೆ ಸಿಕ್ಕರೆ ಮೂವತ್ತು ಸೀಟಿನ ಹೋಟೆಲಿಗೆ ಧಾರಾಳ. ಹುಡುಕೋಕೆ ವಾರದ ಸಂತೆಗೆ ಹೋಗಿ. ಚೀಲ ಹಾಸಿಕೊಂಡು ನಾಲ್ಕೇ ಬಗೆ ಇಟ್ಟುಕೊಂಡು ಕೂತಿರುವವರು ಸಾಮಾನ್ಯವಾಗಿ ಬೆಳೆದವರೇ. ಹತ್ತು ಹದಿನೈದು ಬಗೆ ಇಟ್ಟವರು ಹೆಚ್ಚಾಗಿ ವ್ಯಾಪಾರಿಗಳು. ಮೊದಲನೆಯವರ ಹತ್ತಿರ ಕೆಲವು ವಾರ ಸುಮ್ನೆ ಕೊಳ್ಳಿ, ಆಮೇಲೆ ಹೊಲ ನೋಡೋಕೆ ಬರಬಹುದಾ ಅಂತ ಕೇಳಿ. ಮೆನು ಕಾರ್ಡ್ ಅಚ್ಚು ಹಾಕಿಸಬೇಕು ಅಂತಿದ್ದರೆ ಅಲ್ಲಿಯವರೆಗೆ ತಡೆಯಿರಿ.